ನಾಲ್ಕು ಬೆರಳಿನ ಆಳ

ನಾನೊಂದು ಸ್ಟೀಲ್ ಡಬ್ಬಿ. ಹುಟ್ಟಿನ ಬಗ್ಗೆ ಕೊಚ್ಚಿಕೊಳ್ಳುವಂಥದ್ದೇನೂ ಇಲ್ಲ. ತಗಡನ್ನು ಅಚ್ಚಿನ ಮೇಲಿಟ್ಟು ಒತ್ತಿದರು, ನಾನಾದೆ. ಯಾವ ಊರು, ಯಾರ ಕೈ ಎಂದು ಕೇಳುವಷ್ಟರಲ್ಲಿ ಪಾತ್ರೆ ಮಾರುವ ಹೆಂಗಸೊಬ್ಬಳ ಬುಟ್ಟಿಯಲ್ಲಿ ಲೋಟ ತಟ್ಟೆಗಳ ನಡುವೆ ಕವುಚಿ ಬಿದ್ದಿದ್ದೆ. ಹಳೇ ಬಟ್ಟೆ ತೆಗೆದುಕೊಂಡು ಹೊಸ ಪಾತ್ರೆ ಕೊಡುವವಳು ಅವಳು. ಬೀದಿ ಬೀದಿ ಸುತ್ತಿದರೂ ನನ್ನನ್ನು ಯಾರೂ ಆರಿಸುತ್ತಿರಲಿಲ್ಲ. ಗುಂಡಗೂ ಇಲ್ಲ, ಎತ್ತರವೂ ಇಲ್ಲ. ಚೌಕ ಮೈ, ಅಗಲ ಬಾಯಿ, ಮೂಲೆಗಳು ಮಾತ್ರ ಒಂದಿಷ್ಟು ದುಂಡು, ಆಳ ನೋಡಿದರೆ ನಾಲ್ಕೇ ಬೆರಳು. "ಇದೇನು, ಡಬ್ಬೀನೋ ತಟ್ಟೇನೋ?" ಎಂದು ಹೆಂಗಸರು ನಕ್ಕು ಪಕ್ಕಕ್ಕೆ ಸರಿಸುತ್ತಿದ್ದರು.

ಸರಿಸದೆ ಕೈಗೆತ್ತಿಕೊಂಡವಳು ಹಾಲಮ್ಮ. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅವಳ ಮನೆ. ಗಂಡ ಮಹಾರುದ್ರಪ್ಪ ಗಾಡಿಗಳಿಗೆ ಹಳಿ ಬದಲಿಸಿಕೊಡುವ ಪಾಯಿಂಟ್ಸ್‌ಮನ್. ಅವನ ಹಳೇ ಖಾಕಿ ಪ್ಯಾಂಟುಗಳನ್ನೂ ಅಂಚು ಹರಿದ ತನ್ನದೊಂದು ಸೀರೆಯನ್ನೂ ಮುಂದಿಟ್ಟುಕೊಂಡು ಹಾಲಮ್ಮ ಜಗಲಿಯ ಮೇಲೆ ಕೂತಿದ್ದಳು. ಮಾರುವವಳು ಫಳಫಳ ಹೊಳೆಯುವ ಉದ್ದ ಡಬ್ಬಿಯೊಂದನ್ನು ತೋರಿಸಿ, "ಇದನ್ ತಗೊಳ್ಳವ್ವ, ಇಡೀ ಮನೆ ಸಾರು ಹಿಡಿಸ್ತದೆ," ಎಂದಳು.

"ಸಾರೂ ಹಿಡಿಸ್ತದೆ, ಬಿಸೀನೂ ಹಿಡ್ಕೊಂಡ್ ಕೂತ್ಕತದೆ. ಬೆಳಿಗ್ಗೆ ನೋಡಿದ್ರೆ ನೊರೆ ಬಂದಿರ್ತದೆ," ಎಂದಳು ಹಾಲಮ್ಮ. ನನ್ನೊಳಗೆ ಅಂಗೈ ಹಾಸಿ, ಬೆರಳಾಡಿಸಿ ನಾಲ್ಕೂ ಮೂಲೆ ಮುಟ್ಟಿ ನೋಡಿದಳು. "ಉಳಿದ ಅಡುಗೆಗೆ ಅಗಲ ಬೇಕು, ಎತ್ತರ ಅಲ್ಲ. ಬೇಗ ಆರ್ತದೆ. ಉಜ್ಜುವಾಗ ಮೂಲೇಲಿ ಹಳೇದು ಅಡಗಿಕೊಳ್ಳಲ್ಲ. ಮುಚ್ಚಳ ಚಪ್ಪಟೆ ಐತೆ, ಮೇಲೆ ಇನ್ನೊಂದ್ ಪಾತ್ರೆ ಇಡಬೌದು. ಇದನ್ನೇ ಕೊಡು."

ನನ್ನ ಆಕಾರವನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಆ ಗಳಿಗೆಯಿಂದ ನಾನು ಅವಳ ಪಕ್ಷ.

ರೈಲ್ವೆಯವರ ಮನೆಯಲ್ಲಿ ಊಟಕ್ಕೆ ಹೊತ್ತುಗೊತ್ತಿಲ್ಲ. ಗಂಡ ಬರುತ್ತಾನೆಂದು ಬೇಯಿಸಿದರೆ ಗಾಡಿ ತಡ. ಬರುವುದಿಲ್ಲವೆಂದು ಒಲೆ ಆರಿಸಿದರೆ ಬಾಗಿಲಲ್ಲಿ ನಿಂತಿರುತ್ತಾನೆ. ಹಾಗಾಗಿ ದಿನವೂ ಏನಾದರೊಂದು ಉಳಿಯುತ್ತಿತ್ತು. ಫ್ರಿಜ್ಜು ಆ ಸಾಲಿನಲ್ಲಿ ಯಾರಿಗೂ ಇರಲಿಲ್ಲ. ಹಾಲಮ್ಮ ಉಳಿದದ್ದನ್ನು ನನ್ನೊಳಗೆ ಹರಡಿ, ಕಿಟಕಿಯ ಗಾಳಿಗೆ ಇಟ್ಟು, ತೆಳು ಬಟ್ಟೆ ಹೊದಿಸುತ್ತಿದ್ದಳು. ನನ್ನ ಹೊಟ್ಟೆಗೆ ಹಿಂಗೈ ತಾಗಿಸಿ, ತಣ್ಣಗಾಗಿದೆ ಎಂದು ಖಾತ್ರಿಯಾದ ಮೇಲೇ ಮುಚ್ಚಳ. "ಬಿಸೀದನ್ನ ಮುಚ್ಚಬಾರ್ದು ಕಣೇ, ಬೆವರಿ ಕೆಡ್ತದೆ," ಎಂದು ಎಲ್ಲರಿಗೂ ಹೇಳುತ್ತಿದ್ದಳು. ಅವಳಲ್ಲೂ ಒಂದು ಉದ್ದ ಡಬ್ಬಿಯಿತ್ತು, ಮದುವೆಗೆ ಉಡುಗೊರೆ ಬಂದದ್ದು. ಹೊಟ್ಟೆ ತುಂಬ ಮಂಡಕ್ಕಿ ತುಂಬಿಕೊಂಡು ಅಟ್ಟದ ಮೇಲೆ ಬೀಗುತ್ತಿತ್ತು. ಮೇಲೆ ತಳುಕು, ಒಳಗೆ ಹುಳುಕು ಎಂದು ನಾನು ಮನಸ್ಸಿನಲ್ಲೇ ನಗುತ್ತಿದ್ದೆ. ಆ ನಗು ಎಷ್ಟು ದುಬಾರಿಯಾಯಿತೆಂದು ಮುಂದೆ ಗೊತ್ತಾಯಿತು.

ಒಂದೇ ಗೋಡೆಯ ಆಚೆಗೆ ಪಂಕಜಳ ಮನೆ. ಗಂಡ ಕೆಂಚಪ್ಪ ಹಳಿ ದುರಸ್ತಿಯ ಗ್ಯಾಂಗ್‌ಮನ್. ಜೊತೆಗೆ ಅವನ ತಾಯಿ ನಿಂಗಜ್ಜಿ. ಪಂಕಜ ಹಾಲಮ್ಮನನ್ನು "ಅಕ್ಕ" ಎನ್ನುತ್ತಿದ್ದಳು. ಒಡಹುಟ್ಟಿದವರೂ ಅಷ್ಟು ಹಚ್ಚಿಕೊಂಡಿರುವುದಿಲ್ಲ. ನಿಂಗಜ್ಜಿಗೋ ಹಾಲಮ್ಮನ ಕೈಯ ಅಲಸಂದೆ ಕಾಳಿನ ಕೂಟು ಎಂದರೆ ಪ್ರಾಣ. "ನನ್ ಸೊಸೆ ಕಾಯಿ ರುಬ್ಬಿದ್ರೆ ಗೋಡೆಗೆ ಮೆತ್ತಬೌದು," ಎಂದು ಸೊಸೆಯ ಎದುರಿಗೇ ಹೇಳಿ, ಅವಳಿಂದ ತಿವಿಸಿಕೊಂಡು ನಗುತ್ತಿದ್ದಳು. ಹಾಗಾಗಿ ನಾನು ವಾರಕ್ಕೆರಡು ಸಲವಾದರೂ ತುಂಬಿ ಅತ್ತ ಹೋಗುತ್ತಿದ್ದೆ. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಕೆಂಚಪ್ಪನ ಊರಿನ ನಿಂಬೆಹಣ್ಣೋ, ಎರಡು ಬಾಳೆಹಣ್ಣೋ, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯೋ ಹಾಕಿಸಿಕೊಂಡು ನಾನು ಇತ್ತ ಬರುತ್ತಿದ್ದೆ. ನನ್ನ ಬದುಕಿನ ಸುಖದ ದಿನಗಳು ಅವು.

ಊರಿಗೆ ಹೋದ ಕೆಂಚಪ್ಪ ತೆಂಗಿನಮರದಿಂದ ಬಿದ್ದು ಕಾಲು ಮುರಿದುಕೊಂಡ. ರಜೆಯೆಲ್ಲ ತೀರಿ ಸಂಬಳ ನಿಂತಿತು. ಆಗಲೇ ಒಂದು ಹಬ್ಬಕ್ಕೆ ಹಾಲಮ್ಮ ನನ್ನ ತುಂಬ ಹೋಳಿಗೆ ಕಳಿಸಿದ್ದು. ಪಂಕಜ ನನ್ನನ್ನು ತೊಳೆದು, ಒರೆಸಿ, ಗೋಡೆಯ ಗೂಡಿನಲ್ಲಿಟ್ಟಳು. ಸಕ್ಕರೆ ಡಬ್ಬಿ ತೆಗೆದು ನೋಡಿದಳು. ತಳದಲ್ಲಿ ಇರುವೆಯೂ ಇರಲಿಲ್ಲ. ಕರಿಬೇವು ಹಾಕೋಣವೆಂದರೆ ಗಿಡ ಹಾಲಮ್ಮನ ಹಿತ್ತಿಲಿನದೇ. ಅವರದನ್ನು ಕಿತ್ತು ಅವರಿಗೇ ಕೊಡುವುದೆ?

"ಹಂಗೇ ಕೊಟ್ ಬಾರೇ. ಹಾಲಮ್ಮ ಏನ್ ಅನ್ಕತಾಳೆ?" ಎಂದಳು ನಿಂಗಜ್ಜಿ.

"ಹೋಳಿಗೆ ಕೊಟ್ಟ ಡಬ್ಬೀನ ಖಾಲಿ ಹೆಂಗ್ ಕೊಡ್ಲಿ ಅತ್ತೆ? ಸಕ್ಕರೆ ತಂದ್ ಮೇಲೆ ಕೊಡ್ತೀನಿ."

ದಿನಾ ಬೆಳಿಗ್ಗೆ ಪಂಕಜ ನನ್ನನ್ನು ಕೈಗೆತ್ತಿಕೊಳ್ಳುವಳು, ನೋಡುವಳು, ಮತ್ತೆ ಇಟ್ಟುಬಿಡುವಳು. ಗೋಡೆಯಾಚೆಯ ಮಾತು ನನಗೆ ಚೆನ್ನಾಗಿ ಕೇಳಿಸುತ್ತಿತ್ತು. "ಆ ಅಗಲ ಡಬ್ಬಿ ಎಲ್ಲಿ?" ಎಂದು ಮಹಾರುದ್ರಪ್ಪ ಕೇಳಿದ. "ಪಂಕಜನ ಮನೇಲೈತೆ." "ಇಸ್ಕೊಂಡ್ ಬರಬಾರ್ದಾ?" ಹಾಲಮ್ಮನ ದನಿ ತಗ್ಗಿತು: "ಸುಮ್ನಿರಿ. ಹಾಕಿಕೊಡೋಕೆ ಅವ್ರ ಮನೇಲಿ ಏನೂ ಇಲ್ಲ ಅಂತ ಗೊತ್ತಿದ್ದೂ ಕೇಳೋಕಾಯ್ತದಾ?"

ಒಬ್ಬಳು ಮರ್ಯಾದೆಗೆ ಕೊಡಲಿಲ್ಲ, ಇನ್ನೊಬ್ಬಳು ಮರ್ಯಾದೆ ಕಾಯಲು ಕೇಳಲಿಲ್ಲ. ನಡುವೆ ನಾನು ಗೂಡಿನಲ್ಲಿ ತೊಳೆದ ಮೈಯಲ್ಲಿ ಸುಮ್ಮನೆ ಕೂತಿದ್ದೆ. ಬಾಯಿ ಇಷ್ಟು ಅಗಲವಿದ್ದೂ ಮಾತು ಬಾರದ್ದಕ್ಕೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತಿತ್ತು.

ಮುಂದಿನದು ನಾನು ಕಣ್ಣಾರೆ ಕಂಡದ್ದಲ್ಲ, ಹಾಲಮ್ಮನ ಬಾಯಿಂದಲೇ ಬಹಳ ವರ್ಷಗಳ ಮೇಲೆ ಕೇಳಿದ್ದು. ಕಡು ಬೇಸಿಗೆ. ನೆಂಟರು ಬಂದಿದ್ದರೆಂದು ಅವಳು ಅಲಸಂದೆ ಕೂಟು ಮಾಡಿದ್ದಳು. ಉಳಿದದ್ದಕ್ಕೆ ನಾನಿಲ್ಲ. ಮಂಡಕ್ಕಿ ಸುರಿದು ಆ ಉದ್ದ ಡಬ್ಬಿಯನ್ನೇ ಇಳಿಸಿದಳು. ಬೆಕ್ಕಿನ ಕಾಟವೆಂದು, ಮೇಲೆ ಆರಿದಂತೆ ಕಂಡೊಡನೆ ಮುಚ್ಚಳ ಹಾಕಿದಳು. ಬೆಳಿಗ್ಗೆ ಮೇಲಿನದನ್ನು ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡಿದಳು, ರುಚಿ ಸರಿಯಾಗೇ ಇತ್ತು. ಡಬ್ಬಿಯ ನಡುಹೊಟ್ಟೆಯಲ್ಲಿದ್ದದ್ದು ರಾತ್ರಿಯೆಲ್ಲ ಬಿಸಿಗೆ ಬೆವೆತು ಹಳಸಿದ್ದು ತಿಳಿಯಲಿಲ್ಲ. ಅಜ್ಜಿಗೆ ಇಷ್ಟವೆಂದು ಡಬ್ಬಿಯನ್ನೇ ಗೋಡೆಯಾಚೆ ದಾಟಿಸಿ ಗಂಡನ ಬುತ್ತಿ ಕಟ್ಟಲು ಓಡಿದಳು.

ಆ ಉದ್ದ ಡಬ್ಬಿ ಒಳಗೆ ಬಂದದ್ದನ್ನು ಮಾತ್ರ ನಾನು ಕಂಡೆ. ಪಂಕಜ ಗಂಡನನ್ನು ಆಸ್ಪತ್ರೆಗೆ ಕರೆದೊಯ್ದಿದ್ದಳು. ನಿಂಗಜ್ಜಿಗೆ ಮೂಗು ಕಟ್ಟಿ ಎಷ್ಟೋ ವರ್ಷವಾಗಿತ್ತು, ಬಾಯಿರುಚಿಯೂ ಅಷ್ಟಕ್ಕಷ್ಟೆ. ಒಬ್ಬಳೇ ಕೂತು, ಸೌಟು ಆಳಕ್ಕಿಳಿಸಿ ಬಡಿಸಿಕೊಂಡು, ಆಸೆಯಿಂದ ಉಂಡಳು. ಮಧ್ಯಾಹ್ನಕ್ಕೆ ವಾಂತಿ ಭೇದಿ ಶುರುವಾಯಿತು. ಬಡಕಲು ಜೀವ, ಆಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ.

ಹೆಣವನ್ನು ನಡುಮನೆಯಲ್ಲಿ ಮಲಗಿಸಿದ್ದರು. ಹಾರ ಹಿಡಿದು ಬಂದ ಹಾಲಮ್ಮನನ್ನು ಪಂಕಜ ಬಾಗಿಲಲ್ಲೇ ತಡೆದಳು. ಇಡೀ ಸಾಲು ನೋಡುತ್ತಿತ್ತು. "ಹಳಸಲು ಉಣ್ಣಿಸಿ ನಮ್ಮತ್ತೇನ ಕೊಂದ್ಯಲ್ಲೇ! ಇಲ್ಲದವರ ಮನೆ ಅಂತ ಎಸೆಯೋದನ್ನ ಕೊಟ್ಯಾ?" ಅಕ್ಕ ಎಂಬ ಮಾತು ಅವಳ ಬಾಯಲ್ಲಿ ಬರಲಿಲ್ಲ. ಹಾಲಮ್ಮನ ಕಣ್ಣು ಒಳಗೆ ಗೂಡಿನ ಕಡೆ ಹೊರಳಿತು, ನನ್ನ ಮೇಲೆ ನಿಂತಿತು. ಒಂದೇ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಹಾರವನ್ನು ಹೊಸ್ತಿಲ ಮೇಲಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗೋಡೆ ಒಂದೇ ಇದ್ದರೂ ಆಮೇಲೆ ಹಾಲಮ್ಮನ ಕಡೆಯಿಂದ ನಾನಿದ್ದ ಕಡೆಗೆ ಒಂದು ಮಾತೂ ದಾಟಿ ಬರಲಿಲ್ಲ.

ಕೆಂಚಪ್ಪನ ಕಾಲು ಕೂಡಿಕೊಂಡಿತು, ಬೀರೂರಿಗೆ ವರ್ಗವಾಯಿತು. ಮೂಟೆ ಕಟ್ಟುವಾಗ ಪಂಕಜ ನನ್ನನ್ನು ಎತ್ತಿ, ಹಾಲಮ್ಮನ ಬಾಗಿಲ ಕಡೆ ಒಂದು ಸಲ ನೋಡಿ, ಹಳೇ ಬಟ್ಟೆಯಲ್ಲಿ ಸುತ್ತಿ ಮೂಟೆಗೆ ಸೇರಿಸಿದಳು. ಬೀರೂರಿನಲ್ಲಿ ಅಟ್ಟವೇ ನನ್ನ ಮನೆಯಾಯಿತು. ಅನ್ನ ಕಾಣದೆ, ಗಾಳಿ ಕಾಣದೆ ಎಷ್ಟೋ ಬೇಸಿಗೆ ಕಳೆದೆ.

ಒಂದು ಬೆಳಿಗ್ಗೆ ಕೆಳಗೆ ಪಾತ್ರೆ ಬಿದ್ದ ಸದ್ದಾಯಿತು. ಪಂಕಜ ಹಿಂದಿನ ಸಂಜೆ ಕೂಟು ಮಾಡಿ, ಉಳಿದದ್ದನ್ನು ಹೊಸದಾಗಿ ಕೊಂಡ ಎತ್ತರದ ಡಬ್ಬಿಗೆ ಹಾಕಿ ಮುಚ್ಚಿದ್ದಳು. ಮೇಲೆ ನೆಕ್ಕಿದರೆ ಚೆನ್ನಾಗಿದೆ. ಸೌಟು ಇಳಿಸಿದರೆ ನಡುವೆ ನೊರೆ, ಹುಳಿ ನಾತ. ಅದನ್ನು ಅಲ್ಲೇ ಬಿಟ್ಟು ಅವಳು ಏಣಿ ಹತ್ತಿ, ಬಟ್ಟೆ ಬಿಚ್ಚಿ, ನನ್ನನ್ನು ಮಡಿಲಲ್ಲಿಟ್ಟುಕೊಂಡಳು. "ನೀನು ನನ್ ಹತ್ರ ಇದ್ದೆ," ಎಂದಳು. "ನೀನು ನನ್ ಹತ್ರಾನೇ ಇದ್ಯಲ್ಲೋ." ಅವಳ ಕಣ್ಣೀರು ನನ್ನ ತಳದಲ್ಲಿ ತೊಟ್ಟಿಕ್ಕಿತು. ಅಷ್ಟು ವರ್ಷಗಳಲ್ಲಿ ನನ್ನೊಳಗೆ ಬಿದ್ದದ್ದು ಅದೊಂದೇ.

ಗೊತ್ತಾದರೂ ಹೋಗಲಿಲ್ಲ ಅವಳು. ಯಾವ ಮುಖ ಹೊತ್ತು ಹೋಗುವುದು? ಮಕ್ಕಳ ಮದುವೆಗಳಾದವು, ಕೆಂಚಪ್ಪ ತೀರಿಕೊಂಡ. ಹಾಲಮ್ಮ ಹಾಸಿಗೆ ಹಿಡಿದಿದ್ದಾಳೆಂದು ಯಾರೋ ಹೇಳಿದ ಮೇಲೆ ಎದ್ದಳು. ಅಲಸಂದೆ ಕೂಟು ಮಾಡಿ, ನನ್ನೊಳಗೆ ಹರಡಿ, ಕಿಟಕಿಯಲ್ಲಿಟ್ಟು ಆರಿಸಿ, ಹಿಂಗೈ ತಾಗಿಸಿ ನೋಡಿ ಮುಚ್ಚಿದಳು. ಪ್ಯಾಸೆಂಜರ್ ಗಾಡಿಯಲ್ಲಿ ದಾರಿಯುದ್ದಕ್ಕೂ ಮಡಿಲಿನಿಂದ ಕೆಳಗಿಡಲಿಲ್ಲ.

ಹಾಲಮ್ಮ ಅರಸೀಕೆರೆಯಲ್ಲೇ ಮಗಳ ಮನೆಯಲ್ಲಿದ್ದಳು. ಮಂಚದ ಮೇಲೆ ದಿಂಬಿಗೆ ಒರಗಿದ್ದಳು, ಕಣ್ಣು ಮಂಜಾಗಿತ್ತು. ಪಂಕಜ ನನ್ನನ್ನು ಅವಳ ಕೈಗಿತ್ತಳು. ಆ ಕೈ ನನ್ನ ದುಂಡು ಮೂಲೆಗಳನ್ನು ಒಂದೊಂದಾಗಿ ಸವರಿತು.

"ಆರಿಸಿ ಮುಚ್ಚಿದೀಯಾ?" ಎಂದಳು ಹಾಲಮ್ಮ.

"ಹೂಂ ಅಕ್ಕ." ಅಷ್ಟು ಹೇಳಿ ಪಂಕಜ ಬಿಕ್ಕಿದಳು. "ಖಾಲೀದೇ ತಂದ್ ಕೊಟ್ಟಿದ್ರೆ ಆಗಿರೋದು ಅಕ್ಕ. ನಾನೇ ಕೊಂದೆ. ನಿನ್ ತಲೆ ಮೇಲೆ ಹಾಕಿದೆ."

"ಕೇಳಿದ್ರೆ ಕೊಡ್ತಿದ್ದೆ ನೀನು. ನಾನೂ ಕೇಳ್ಲಿಲ್ಲ." ಹಾಲಮ್ಮ ಆ ದಿನದ ಕಥೆಯನ್ನು, ಮಂಡಕ್ಕಿ ಸುರಿದದ್ದನ್ನು, ಬೆಕ್ಕನ್ನು, ಮೆಲ್ಲಗೆ ಹೇಳಿದಳು. "ಆಮೇಲೆ ಉಳಿದಿದ್ದನ್ನ ಯಾರ್ಗೂ ಕೊಡ್ಲಿಲ್ಲ ಕಣೇ. ಹಸುಗೆ ಹಾಕೋಕೂ ಮನಸ್ ಒಪ್ತಿರ್ಲಿಲ್ಲ."

ಕೂಟು ಎರಡು ತುತ್ತು ತಿಂದಳು. "ನಿಂಗಜ್ಜಿ ಸುಳ್ ಹೇಳ್ಲಿಲ್ಲ. ಕಾಯಿ ಇನ್ನೂ ಗೋಡೆಗೆ ಮೆತ್ತೋ ಹಂಗೇ ಐತೆ," ಎಂದಳು. ಇಬ್ಬರೂ ನಕ್ಕು, ನಗುತ್ತಲೇ ಅತ್ತರು.

ಹೊರಡುವ ಹೊತ್ತಿಗೆ ಹಾಲಮ್ಮ ಮಗಳಿಂದ ನನ್ನನ್ನು ತೊಳೆಸಿ, ಒರೆಸಿಸಿ, ಸಕ್ಕರೆ ತರಿಸಿ, ಒಂದು ಚಿಟಿಕೆ ಹಾಕಿ ಪಂಕಜಳ ಕಡೆ ಚಾಚಿದಳು.

"ಅಕ್ಕ, ಇದು ನಿಂದೇ ಡಬ್ಬಿ."

"ಗೊತ್ತು. ತಗೊಂಡ್ ಹೋಗು. ವಾಪಸ್ ಕೊಡೋ ನೆಪಕ್ಕಾದ್ರೂ ಇನ್ನೊಂದ್ ಸಲ ಬರ್ತೀಯಲ್ಲ."

ಯುಗಾದಿಗೆ ಹೋಳಿಗೆ ತುಂಬಿಕೊಂಡು ಬರುತ್ತೇನೆಂದು ಪಂಕಜ ಮಾತು ಕೊಟ್ಟಳು. ಯುಗಾದಿಗೆ ಇನ್ನೂ ದಿನಗಳಿದ್ದವು. ಅಷ್ಟರಲ್ಲಿ ಹಾಲಮ್ಮನ ಮಗಳ ಫೋನು ಬಂತು. ಪಂಕಜ ಹಾರ ಹಿಡಿದು ಅಳುತ್ತಾ ಹೋದಳು. ನನ್ನನ್ನು ಒಯ್ಯಲಿಲ್ಲ.

ಈಗ ನಾನು ಬೀರೂರಿನ ಅಡುಗೆಮನೆಯಲ್ಲಿ, ಅಟ್ಟದ ಮೇಲಲ್ಲ, ಕೈಗೆಟಕುವ ಹಲಗೆಯ ಮೇಲಿದ್ದೇನೆ. ಪಕ್ಕದಲ್ಲಿ ಫ್ರಿಜ್ಜು, ಅದರ ತುಂಬ ಬಗೆಬಗೆಯ ಪ್ಲಾಸ್ಟಿಕ್ ಡಬ್ಬಿಗಳು. ಉದ್ದನೆಯವನ್ನು ಕಂಡರೆ ಈಗ ನಗು ಬರುವುದಿಲ್ಲ. ಅವೇನು ತಮ್ಮ ಆಕಾರವನ್ನು ತಾವೇ ಆರಿಸಿಕೊಂಡವೇ? ಮಳೆಗಾಲದ ತೇವಕ್ಕೆ ಹಾಲಮ್ಮನ ಸಕ್ಕರೆ ಕರಗಿ, ಮತ್ತೆ ಗಟ್ಟಿಯಾಗಿ, ಒಂದು ಮೂಲೆಯಲ್ಲಿ ತೆಳ್ಳಗೆ ಅಂಟಿಕೊಂಡಿದೆ. ಸೊಸೆ ತೊಳೆಯಲು ಬಂದರೆ ಪಂಕಜ ಬಿಡುವುದಿಲ್ಲ. "ಅದು ಬೇರೆಯವ್ರ ಡಬ್ಬಿ ಕಣಮ್ಮ, ಕೊಡೋದೈತೆ," ಎನ್ನುತ್ತಾಳೆ.

ಕೆಲವು ಮಧ್ಯಾಹ್ನ ಅವಳು ನನ್ನನ್ನು ಇಳಿಸಿ, ಮುಚ್ಚಳ ತೆಗೆದು, ಅಂಗೈ ಹಾಸುತ್ತಾಳೆ. ಆಮೇಲೆ ಮುಚ್ಚುವುದಿಲ್ಲ. ಕಿಟಕಿಯ ಗಾಳಿಗೆ ಸ್ವಲ್ಪ ಹೊತ್ತು ತೆರೆದೇ ಇಡುತ್ತಾಳೆ, ಒಳಗೆ ಇನ್ನೂ ಏನೋ ಆರಬೇಕು ಎಂಬಂತೆ.