ಕಲಿಯುವವರ ಮಷೀನು

"ಈ ಎರಡ ಪರಾತ ಯಾಕ ಬೇಕಪಾ ತಮ್ಮಾ? ಹಾಡ ಒಂದ ಅಲ್ಲೇನು?"

ಕಲ್ಯಾಣಮ್ಮ ಡಿಜೆ ಕಂಟ್ರೋಲರಿನ ಎಡಗಡೆಯ, ತಾಟಿನಂಥ ಚಕ್ರದ ಮೇಲೆ ಒಂದು ಬೆರಳಿಟ್ಟಳು. ಅದು ತಿರುಗಿದ್ದನ್ನು ಕಂಡು ಕೈ ಹಿಂದಕ್ಕೆ ತೆಗೆದುಕೊಂಡಳು.

"ಒಂದ ಹಾಡ ನಡದಿರ್ತದ್ರಿ ಯವ್ವಾ. ಅದು ಮುಗಿಯೂದ್ರೊಳಗ ಇನ್ನೊಂದ ತಯಾರ ಇರಬೇಕು. ಹಂಚಿನ ಮ್ಯಾಲ ಒಂದ ರೊಟ್ಟಿ ಇರತಾನ ಕೈಯಾಗ ಇನ್ನೊಂದ ಬಡೀತಿರ್ತೀರಲ್ಲ, ಹಂಗ," ಎಂದ ಗುರುಸಿದ್ಧ.

"ಹಂಗ ಹೇಳು ಮತ್ತ."

ಈ ರೊಟ್ಟಿಯ ಮಾತನ್ನು ಗುರುಸಿದ್ಧ ಏಳು ವರ್ಷಗಳಿಂದ ಹೇಳುತ್ತ ಬಂದಿದ್ದ. ರೊಟ್ಟಿ ಬಡಿಯುವವರೊಬ್ಬರಿಗೆ ಹೇಳಿದ್ದು ಇದೇ ಮೊದಲು. ವಿಜಾಪುರ ರಸ್ತೆಯ ನಾಗಣ್ಣನ ಅಂಗಡಿಗೆ ಡಿಜೆ ಸಾಮಾನು ಕೇಳಿಕೊಂಡು ಬರುವವರೆಲ್ಲ ಗಂಡಸರೇ. ಬಂದವರು ಹಾರ್ಮೋನಿಯಂ, ತಬಲಾಗಳನ್ನು ದಾಟಿ, ಬಿಲ್ಲು ಮಾಡುವ ಪೂನಮಳನ್ನೂ ದಾಟಿ, ನೇರ ಹಿಂದಿನ ಗಾಜಿನ ಕಪಾಟಿನ ಹತ್ತಿರ ಬಂದು "ಗುರುಸಿದ್ಧಣ್ಣ ಯಾರ್ರಿ?" ಎಂದು ಕೇಳುತ್ತಿದ್ದರು. ಕಲಿಯುವವರಿಗೆ ಯಾವ ಮಷೀನು ತಕ್ಕದ್ದು ಎಂಬುದನ್ನು ಅವನಷ್ಟು ಸರಿಯಾಗಿ ಹೇಳುವವರು ಸೊಲ್ಲಾಪುರದಲ್ಲಿ ಇನ್ನೊಬ್ಬರಿಲ್ಲ ಎಂದು ಹೆಸರಾಗಿತ್ತು. ಹನ್ನೊಂದು ವರ್ಷ ಟ್ರ್ಯಾಕ್ಟರ್ ಟ್ರಾಲಿಯ ಮೇಲೆ, ಗೋಡೆಯ ಹಾಗೆ ಒಟ್ಟಿದ ಸ್ಪೀಕರುಗಳ ಬೆನ್ನಿಗೆ ನಿಂತು ಮೆರವಣಿಗೆಗಳಲ್ಲಿ ಡಿಜೆ ಬಾರಿಸಿದವನು ಅವನು. ಆ ಧಂದೆಯ ಪಾಲುದಾರ ತನ್ನ ಪಾಲು ಮಾರಿ ಪುಣೆಗೆ ಹೋದ ಮೇಲೆ ಅಂಗಡಿಗೆ ಬಂದು ಸೇರಿದ್ದ.

ಕಲ್ಯಾಣಮ್ಮ ಅಕ್ಕಲಕೋಟದ ಆಚೆಯ ಹಳ್ಳಿಯವಳು. ಮನೆಯಲ್ಲಿ ಹದಿನೈದು ಎಕರೆ ಕಬ್ಬು. ಅರವತ್ತು ದಾಟಿದರೂ ಸುತ್ತಲ ಊರುಗಳ ಮದುವೆಯ ಹಳದಿ, ಬಸುರಿಯ ಕುಬಸ, ತೊಟ್ಟಿಲ ಕಾರ್ಯಗಳಿಗೆ ಅವಳ ಮತ್ತು ಅವಳ ಗೆಳತಿಯರ ಹಾಡು ಬೇಕೇ ಬೇಕು. ಸೊಸೆ ಪ್ರಣಿತಾ ಆ ಹಾಡುಗಳನ್ನು ಮೊಬೈಲಿನಲ್ಲಿ ಹಿಡಿದು, ಲ್ಯಾಪ್‌ಟಾಪಿನ ಸಾಫ್ಟ್‌ವೇರಿನಲ್ಲಿ ಅವುಗಳ ಕೆಳಗೆ ಹಲಗೆಯ ಪೆಟ್ಟು ಕೂಡಿಸಿದ್ದಳು. ಮೊದಲು ಮನೆಮಂದಿ ನಕ್ಕಿದ್ದರು. ಆಮೇಲೆ ಒಂದು ಹಳದಿಯಲ್ಲಿ ಅದನ್ನು ಹಚ್ಚಿದಾಗ ಬೀಗಿತ್ತಿಯರೂ ಸೆರಗು ಸಿಗಿಸಿ ಕುಣಿದಿದ್ದರು. ಅಲ್ಲಿಂದ ಕರೆ ಬರತೊಡಗಿದವು. ಆದರೆ ಬರೀ ಮೌಸಿನಿಂದ ಒಂದು ಹಾಡು ಇಳಿಸುತ್ತ ಇನ್ನೊಂದನ್ನು ಏರಿಸಲು ಬರುವುದಿಲ್ಲ. ಹೋದ ತಿಂಗಳು ಒಂದು ಕಾರ್ಯದಲ್ಲಿ ಹಾಡು ನಡುವೆಯೇ ಕಡಿದು, ಕುಣಿಯುತ್ತಿದ್ದವರು ಎತ್ತಿದ ಕಾಲನ್ನು ಎಲ್ಲಿ ಇಡುವುದೆಂದು ತಿಳಿಯದೆ ನಿಂತುಬಿಟ್ಟಿದ್ದರು.

"ಬ್ಯಾರೆ ಡಿಜೆದವ್ರನ್ನ ಕರಸ್ರಿ ಅಂತಾರ ಮಂದಿ," ಎಂದಳು ಕಲ್ಯಾಣಮ್ಮ. "ಮಷೀನ ಹಿಂದ ಗಂಡಸು ನಿಂತ್ರ ನಮ್ಮ ಹೆಣ್ಮಕ್ಳು ಕುಣಿಯಂಗಿಲ್ಲ. ಇಕಿ ನಿಂತ್ರ ಕುಣೀತಾರ."

ಪ್ರಣಿತಾ ವಿಡಿಯೋ ನೋಡಿ ನೋಡಿ ಒಂದು ದೊಡ್ಡ ಮಷೀನನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬಂದಿದ್ದಳು. ನಾಲ್ಕು ಚಾನೆಲ್, ನಡುವೆ ಪರದೆ, ಸುತ್ತ ಬಣ್ಣದ ಲೈಟು. ಗುರುಸಿದ್ಧ ಅದನ್ನು ಕಪಾಟಿನಿಂದ ತೆಗೆಯಲೂ ಇಲ್ಲ.

"ಎರಡ ಚಾನೆಲ್ ಸಾಕು ನಿಮಗ. ನಾಕು ತಗೊಂಡ್ರ ಇನ್ನೆರಡಕ್ಕ ಧೂಳ ಕೂಡ್ತದ. ಲೈಟ್ ನೋಡಬ್ಯಾಡ್ರಿ, ಸೌಂಡ್ ಕಾರ್ಡ್ ಒಳಗದ ಏನಿಲ್ಲ ನೋಡ್ರಿ. ಅದಿದ್ರ ಮುಂದಿನ ಹಾಡ ಹೆಡ್‌ಫೋನಿನ್ಯಾಗ ನಿಮಗೊಬ್ಬರಿಗೆ ಕೇಳ್ತದ, ಮಂದಿಗಿ ಕೇಳಂಗಿಲ್ಲ. ಸಸ್ತಾದಾಗ ಕೆಲವಕ್ಕ ಅದ ಇರಂಗಿಲ್ಲ, ಮಂದಿ ಮನಿಗಿ ಒಯ್ದ ಮ್ಯಾಲ ಅಳತಾರ. ಇದಕ್ಕ ಅದ. ಸಾಫ್ಟ್‌ವೇರ್ ಜೋಡಿ ಫುಕಟ ಬರ್ತದ. ಎರಡ ವರ್ಷ ಇದರ ಮ್ಯಾಲ ಕೈ ಕೂಡಸ್ರಿ. ಆಮ್ಯಾಲ ದೊಡ್ಡದು."

ಅವನು ಹೇಳಿದ ಬೆಲೆ ದೊಡ್ಡದರ ಅರ್ಧವೂ ಇರಲಿಲ್ಲ. ಅತ್ತೆ ಸೊಸೆಯ ಮುಖ ನೋಡಿದಳು. ಸೊಸೆ ಒಪ್ಪಿದಳು. ತನ್ನ ಲ್ಯಾಪ್‌ಟಾಪು ತೆಗೆದು, ವಾಯರು ಸಿಗಿಸಿ, ಅಂಗಡಿಯ ಹೆಡ್‌ಫೋನು ಹಾಕಿಕೊಂಡು ಚಕ್ರದ ಮೇಲೆ ಕೈಯಿಟ್ಟಳು. ಸ್ವಲ್ಪ ಹೊತ್ತಿಗೆ ಅವಳ ಹುಬ್ಬು ಗಂಟಿಕ್ಕಿತು.

"ಕಾಕಾ, ಇದ್ರಾಗ ಒಂದ ಸಿಳ್ಳಿ ಕೇಳಸ್ತದ."

ಗುರುಸಿದ್ಧ ಹೆಡ್‌ಫೋನು ತೆಗೆದುಕೊಂಡು ಕೇಳಿದ. ಕಲ್ಯಾಣಮ್ಮನ ದನಿ, ಅದರ ಹಿಂದೆ ನಾಲ್ಕೈದು ಹೆಂಗಸರ ದನಿ, ಕೆಳಗೆ ಹಲಗೆ. ಅಷ್ಟೇ.

"ಚಾರ್ಜರ್ ತಗೀರಿ. ಕರೆಂಟಿಂದು ಇರ್ತದ ಅದು."

ಅವಳು ಚಾರ್ಜರ್ ತೆಗೆದಳು. "ಈಗೂ ಅದ."

ಅವನು ಕೇಬಲ್ ಬದಲಿಸಿದ. ಹೆಡ್‌ಫೋನು ಬದಲಿಸಿದ. ಕೊನೆಗೆ ಅಂಗಡಿಯ ಸ್ಪೀಕರಿಗೆ ಹಚ್ಚಿ ಹಾಡು ನಿಲ್ಲಿಸಿದ. ಅಂಗಡಿ ಮೌನವಾಯಿತು. ಹೊರಗೆ ಒಂದು ರಿಕ್ಷಾ ಹೋಯಿತು.

"ಹೌದಲ್ಲ," ಎಂದಳು ಕುರ್ಚಿಯಲ್ಲಿ ಕುಳಿತಿದ್ದ ಕಲ್ಯಾಣಮ್ಮ. "ಕಿವಿ ಹತ್ರ ಗುಂಗಾಡ ಗುಂಯ್ ಅಂದಂಗ."

ಬಿಲ್ಲಿನ ಟೇಬಲ್ಲಿನಿಂದ ಪೂನಮ ತಲೆಯೆತ್ತಿದಳು. ಅವಳು ನಾಗಣ್ಣನ ಸೊಸೆ. "ಹೌದ್ರಿ ಗುರುಸಿದ್ಧಣ್ಣ, ಇಲ್ಲೀತನಾ ಬರಾಕತ್ತದ."

ಗುರುಸಿದ್ಧ ಸ್ಪೀಕರಿನ ಹತ್ತಿರ ಕಿವಿ ಒಯ್ದ. ಬಲಗಿವಿ, ಆಮೇಲೆ ಎಡಗಿವಿ. ಜಾಳಿಗೆಯ ತಣ್ಣಗಿನ ಕಬ್ಬಿಣ ಕಿವಿಗೆ ತಾಗಿತು. "ಏನಿಲ್ರಿ. ನಿಮಗ ಭಾಸ ಆಗಾಕತ್ತದ," ಎಂದ.

ಪ್ರಣಿತಾ ವಾದಿಸಲಿಲ್ಲ. ಲ್ಯಾಪ್‌ಟಾಪಿನ ಪರದೆಯನ್ನು ಅತ್ತೆಗೆ ಅಡ್ಡವಾಗುವಂತೆ ತಿರುಗಿಸಿಟ್ಟು, "ಅತ್ತೀ, ಸಿಳ್ಳಿ ಹೆಚ್ಚಾದ್ರ ಕೈ ಎತ್ರಿ, ಕಡಿಮಿಯಾದ್ರ ಇಳಸ್ರಿ," ಎಂದಳು. ಕಲ್ಯಾಣಮ್ಮ ಕಣ್ಣು ಮುಚ್ಚಿದಳು. ಸೊಸೆ ವಾಲ್ಯೂಮಿನ ಗುಂಡಿಯನ್ನು ಮೆಲ್ಲಗೆ ಬಲಕ್ಕೆ ತಿರುಗಿಸಿದಳು. ಅತ್ತೆಯ ಹಸಿರು ಬಳೆಯ ಕೈ ತೊಡೆಯಿಂದ ಮೇಲೆದ್ದಿತು. ಎಡಕ್ಕೆ ತಿರುಗಿಸಿದಳು, ಕೈ ಇಳಿಯಿತು. ಅರ್ಧಕ್ಕೆ ತಂದು ನಿಲ್ಲಿಸಿದಳು, ಕೈಯೂ ಅರ್ಧದಲ್ಲೇ ನಿಂತಿತು.

ಗುರುಸಿದ್ಧ ಒಮ್ಮೆ ಆ ಕೈ ನೋಡಿದ, ಒಮ್ಮೆ ಗುಂಡಿ ನೋಡಿದ. ಆಮೇಲೆ ಒಳಗಿನ ಕೋಣೆಗೆ ಹೋಗಿ ಅದೇ ಜಾತಿಯ ಇನ್ನೊಂದು ಪೆಟ್ಟಿಗೆ ತಂದು ಬಿಚ್ಚಿದ. ಅದನ್ನು ಹಚ್ಚಿ ಮೂವರ ಮುಖವನ್ನೂ ಒಂದೊಂದಾಗಿ ನೋಡಿದ.

"ಈಗ ಇಲ್ಲ," ಎಂದಳು ಪ್ರಣಿತಾ.

ಪೂನಮ ಬಿಲ್ಲು ಮಾಡುವಾಗ ಅವನು ಮಷೀನನ್ನು ಪೆಟ್ಟಿಗೆಗೆ ಇಳಿಸುತ್ತಿದ್ದ. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ತಲೆಯಲ್ಲಿ ನಂದೇಶ್ವರದ ಖಂಡಪ್ಪ ನಿಂತಿದ್ದ. ಶಾಲೆಯ ವ್ಯಾನು ಓಡಿಸುತ್ತ, ಬಿಡುವಿದ್ದಾಗ ಹುಟ್ಟುಹಬ್ಬಗಳಿಗೆ ಹಾಡು ಹಚ್ಚುವ ಮನುಷ್ಯ. ಎಂಟು ತಿಂಗಳ ಹಿಂದೆ ಇದೇ ಮಷೀನು ಒಯ್ದಿದ್ದ. ಎರಡು ಸಲ ಅದನ್ನು ಚೀಲದಲ್ಲಿ ಹಾಕಿಕೊಂಡು ತಿರುಗಿ ಬಂದು, ಸಣ್ಣ ಸಪ್ಪಳ ಬರುತ್ತದೆ ಎಂದಿದ್ದ. ಎರಡು ಸಲವೂ ಗುರುಸಿದ್ಧ ಕೇಳಿ ನೋಡಿ, ನಿಮ್ಮ ಮನೆಯ ಅರ್ಥಿಂಗ್ ಸರಿಯಿಲ್ಲ ಎಂದು ಕಳಿಸಿದ್ದ. ಎರಡನೆಯ ಸಲ ತುಸು ಬಿರುಸಾಗಿಯೇ ಹೇಳಿದ್ದ, ಬೇರೆ ಗಿರಾಕಿಗಳು ನಿಂತಿದ್ದರು.

ಹೊರಡುವಾಗ ಕಲ್ಯಾಣಮ್ಮ ಬಾಗಿಲಲ್ಲಿ ನಿಂತಳು.

"ನಿಂಗ ಕೇಳಸಲಿಲ್ಲ ಅಲ್ಲ ತಮ್ಮಾ?"

"ಇಲ್ರಿ."

"ಮಷೀನ ಹಿಂದ ಎಷ್ಟ ವರ್ಷ ನಿಂತಿದ್ದಿ?"

"ಹನ್ನೊಂದು."

ಅವಳು ಸೊಸೆಯ ಕಡೆ ನೋಡಿದಳು. ಆಮೇಲೆ ಸೊಸೆ ಎದೆಗೆ ಅವಚಿಕೊಂಡಿದ್ದ ಪೆಟ್ಟಿಗೆಯ ಕಡೆ ನೋಡಿದಳು. ಆಮೇಲೆ ಮೆಟ್ಟಿಲಿಳಿದಳು.

ಊಟ ಮುಗಿಸಿ ನಾಗಣ್ಣ ಅಂಗಡಿಗೆ ಬಂದಾಗ ಗುರುಸಿದ್ಧ ಇದ್ದದ್ದು ಇದ್ದ ಹಾಗೆ ಹೇಳಿದ. ಪೂನಮ ಹೇಳುವ ಮೊದಲೇ ತಾನು ಹೇಳಬೇಕು ಎಂದಲ್ಲ. ಮುಚ್ಚಿಡುವುದು ಹೇಗೆಂದು ಅವನಿಗೆ ತೋಚಲಿಲ್ಲ. ನಾಗಣ್ಣ ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದ.

"ಇಷ್ಟ ದಿನ ಗೊತ್ತಾಗಲಿಲ್ಲೇನು?"

"ಕೇಳದಿದ್ದದ್ದು ಹ್ಯಾಂಗ ಗೊತ್ತಾಗ್ತದ್ರಿ ಮಾಲಕರ."

ನಾಗಣ್ಣ ರಸ್ತೆಯ ಕಡೆ ತಿರುಗಿದ. "ಬಾರಿಸಿ ನೋಡೂದು ಪೂನಮ ಮಾಡ್ಲಿ. ಗಿರಾಕಿ ಜೋಡಿ ಮಾತ ನೀನ ಆಡು. ಹೊರಗ ಯಾರಿಗೂ ಹೇಳಬ್ಯಾಡ. ಮಂದಿ ಬರೂದು ನಿನ್ನ ಕಿವಿ ನಂಬಿ."

"ಖಂಡಪ್ಪನ ಮಷೀನು?"

"ವಾರಂಟಿ ವರ್ಷ ತುಂಬಿಲ್ಲ. ಬಂದ್ರ ಬದಲ ಮಾಡಿ ಕೊಡೂನು."

"ಎರಡ ಸಲ ಬಂದು ಹೋಗ್ಯಾನ್ರಿ. ಇನ್ನ ಅಂವಾ ಬರಂಗಿಲ್ಲ."

ನಾಗಣ್ಣ ಮತ್ತೆ ಕನ್ನಡಕ ಹಾಕಿಕೊಂಡ. "ಒಯ್ದ ಕೊಡು ಹಂಗಾದ್ರ. ಕಂಪನಿ ತಪ್ಪ ಅಂತ ಹೇಳು. ನಿಂದಂತ ಹೇಳಬ್ಯಾಡ."

ಸಂಜೆಯ ಬಸ್ಸಿಗೆ ಅಕ್ಕಲಕೋಟದ ಮನೆ ಮುಟ್ಟಿ ಹೆಂಡತಿ ನಂದಾಳಿಗೆ ಹೇಳಿದಾಗ ಅವಳು ಮೆಂತ್ಯೆಯ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಮನ್ಯಾಗ ನಾ ಹೇಳಿದ್ದು ಅರ್ಧಾ ನಿಮಗ ಕೇಳಸಂಗಿಲ್ಲ," ಎಂದಳು. "ಗಂಡಸ್ರು ಹಂಗ ಇರ್ತಾರ ಅಂದ್ಕೊಂಡಿದ್ದೆ." ಆಮೇಲೆ ದಂಟುಗಳನ್ನು ಒಂದು ಕಡೆ ಸರಿಸಿ, ಅವನ ಎದುರಿಗೆ ಬಂದು ಕೂತು, ನಾಳೆಯೇ ಡಾಕ್ಟರ ಹತ್ತಿರ ಹೋಗಬೇಕೆಂದು ಹೇಳಿದಳು.

ಡಾಕ್ಟರು ಅವನನ್ನು ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ಕೈಗೆ ಗುಂಡಿ ಕೊಟ್ಟು, ಸಪ್ಪಳ ಕೇಳಿದಾಗ ಒತ್ತು ಎಂದರು. ಮೊದಮೊದಲು ಅವನು ಚುರುಕಾಗಿ ಒತ್ತಿದ. ಆಮೇಲೆ ಹೆಬ್ಬೆರಳು ಕಾಯುತ್ತ ಉಳಿಯಿತು. ಎಷ್ಟು ಹೊತ್ತಾದರೂ ಏನೂ ಬರಲಿಲ್ಲ. ಪರೀಕ್ಷೆ ಇನ್ನೂ ಶುರುವಾಗಿಲ್ಲವೇನೋ ಎಂದು ಅವನು ತಿರುಗಿ ನೋಡಿದಾಗ, ಗಾಜಿನ ಆಚೆ ಇದ್ದ ಹುಡುಗಿ ಮುಗಿಯಿತು ಎಂಬಂತೆ ಕೈ ಮಾಡಿದಳು. ಕಾಗದದ ಮೇಲೆ ಎರಡೂ ಕಿವಿಯ ಎರಡು ಗೆರೆಗಳು ಸ್ವಲ್ಪ ದೂರ ಸಮನಾಗಿ ಬಂದು ಆಮೇಲೆ ಹೊಲದ ಒಡ್ಡಿನಿಂದ ಹಳ್ಳಕ್ಕೆ ಇಳಿದ ಹಾಗೆ ಇಳಿದಿದ್ದವು. ಜೋರು ಸಪ್ಪಳದಿಂದ ಹೋದದ್ದು ತಿರುಗಿ ಬರುವುದಿಲ್ಲ, ಇದ್ದದ್ದನ್ನು ಕಾಯ್ದುಕೊಳ್ಳಿ ಎಂದರು ಡಾಕ್ಟರು.

ಐತವಾರ ಗುರುಸಿದ್ಧ ಹೊಸ ಪೆಟ್ಟಿಗೆ ಹಿಡಿದುಕೊಂಡು ಮಂಗಳವೇಢೆಯಲ್ಲಿ ಬಸ್ಸು ಬದಲಿಸಿ ನಂದೇಶ್ವರಕ್ಕೆ ಹೋದ. ಅವನು ತಂದ ಮಷೀನನ್ನು ಶನಿವಾರವೇ ಪೂನಮ ಎರಡು ಸಲ ಕೇಳಿ ನೋಡಿ ಕಟ್ಟಿಕೊಟ್ಟಿದ್ದಳು. ಖಂಡಪ್ಪ ಅಂಗಳದಲ್ಲಿ ವ್ಯಾನು ತೊಳೆಯುತ್ತಿದ್ದ. ಅಂಗಡಿಯ ಮನುಷ್ಯ ತನ್ನ ಮನೆಗೆ ಬಂದದ್ದು ಅವನಿಗೆ ಅರ್ಥವಾಗಲಿಲ್ಲ. ಪೈಪು ಹಿಡಿದುಕೊಂಡೇ ನಿಂತ, ನೀರು ಹರಿಯುತ್ತಲೇ ಇತ್ತು.

"ನಿಮ್ಮ ಮಷೀನಿನ್ಯಾಗ ಸಪ್ಪಳ ಇತ್ತಲ್ಲ, ಅದು ಖರೆ," ಎಂದ ಗುರುಸಿದ್ಧ. "ಬದಲಿ ತಂದೀನಿ."

"ಅಯ್ಯ, ಅದಕ ಇಷ್ಟ ದೂರ ಬಂದ್ರಾ? ನಾ ಅದಕೊಂದ ಉಪಾಯ ಮಾಡ್ಕೊಂಡಿದ್ದೆ. ಟ್ರೆಬಲ್ ಪೂರಾ ಇಳಿಸಿ, ಸಣ್ಣ ದನಿ ಎಲ್ಲಾ ಕೊಂದು ಬಾರಸ್ತಿದ್ದೆ. ಸಿಳ್ಳಿ ಕೇಳಸಂಗಿಲ್ಲ."

"ಎಂಟ ತಿಂಗಳ?"

"ಹೂಂ. ಹಾಡ ಸ್ವಲ್ಪ ಕೌದಿ ಹೊಚ್ಚಿದಂಗ ಆಗ್ತಿತ್ತು. ಬರ್ತಡೇಕ್ಕ ಯಾರ ಕೇಳ್ತಾರ್ರಿ ಅದನ್ನ."

ಖಂಡಪ್ಪ ನೀರು ಬಂದ್ ಮಾಡಿ ಅವನನ್ನು ಪಡಸಾಲೆಗೆ ಕರೆದ. ಅಲ್ಲಿ ಅವನ ತಾಯಿ ಪಾರ್ವತಿಬಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಖಂಡಪ್ಪನ ಹೆಂಡತಿ ಮನೀಷಾ ಚಹಾ ತಂದಿಟ್ಟಳು. ಗುರುಸಿದ್ಧ ಬಟ್ಟಲು ಕೈಯಲ್ಲಿ ಹಿಡಿದು, "ಆವತ್ತ ನನಗದು ಕೇಳಸಿದ್ದಿಲ್ಲ," ಎಂದ.

"ದುಕಾನದಾಗ ಗದ್ಲ ಇತ್ತ ಬಿಡ್ರಿ."

"ಗದ್ಲ ಇದ್ದಿದ್ದಿಲ್ಲ. ನನ್ನ ಕಿವಿ ಹೋಗ್ಯಾವ. ನಿಮಗ ಸುಳ್ಳ ಹೇಳಿ ಕಳಸಿದ್ದೆ."

ಖಂಡಪ್ಪ ಅವನನ್ನು ನೋಡಿದ. ನಾಗಣ್ಣ ಹೇಳಬೇಡ ಎಂದಿದ್ದು ಗುರುಸಿದ್ಧನಿಗೆ ನೆನಪಿತ್ತು. ಖಂಡಪ್ಪ ಹೊಸ ಮಷೀನು ತೆಗೆದು ಹಳೆಯ ವಾಯರುಗಳನ್ನು ಒಂದೊಂದಾಗಿ ಅದಕ್ಕೆ ಸಿಗಿಸಿದ. ಗೂಡಿನಲ್ಲಿದ್ದ ಸ್ಪೀಕರನ್ನು ಇಳಿಸಿ ತಾಯಿಯ ಹತ್ತಿರ ನೆಲದ ಮೇಲಿಟ್ಟ. ಒಂದು ಹಾಡು ಹಚ್ಚಿ, ಮೊದಲು ಟ್ರೆಬಲ್ ಇಳಿಸಿಯೇ ಬಿಟ್ಟ. ಆಮೇಲೆ, "ಈಗ ಕೇಳ್ರಿ," ಎಂದು ಗುಂಡಿಯನ್ನು ಬಲಕ್ಕೆ ತಿರುಗಿಸಿದ. ತಿರುಗಿಸಿದ ಮೇಲೆ ಯಾರಿಗೆ ಹೇಳಿದೆ ಎಂಬುದು ಹೊಳೆದು ಕೈ ತಡೆದ.

ಗುರುಸಿದ್ಧನಿಗೆ ಹಾಡು ಮೊದಲಿನ ಹಾಗೇ ಕೇಳಿಸಿತು.

ಪಾರ್ವತಿಬಾಯಿ ಮೊರವನ್ನು ತೊಡೆಯ ಮೇಲಿಟ್ಟಳು. "ಖಂಡೂ, ಈ ಹಾಡಿನ್ಯಾಗ ಗೆಜ್ಜಿ ಇದ್ದೂವೇನು?"

"ಮೊದಲಿಂದಾನೂ ಇದ್ದೂವ ಯವ್ವಾ."

"ನಾ ಒಂದ ದಿನಾನೂ ಕೇಳಿದ್ದಿಲ್ಲ."

ಗುರುಸಿದ್ಧ ಚಹಾದ ಬಟ್ಟಲು ಕೆಳಗಿಟ್ಟು ಮುದುಕಿಯ ಕಡೆ ಸರಿದು ಕುಳಿತ.

"ಎಲ್ಲೆಲ್ಲಿ ಬರ್ತಾವ್ರಿ ಅವು?"

ಅವಳು ಅವನ ಮುಖ ನೋಡಿದಳು. ಅವನು ಖರೇನೇ ಗೊತ್ತಿಲ್ಲದೆ ಕೇಳುತ್ತಿದ್ದಾನೆ ಎಂದು ತಿಳಿದ ಮೇಲೆ ಹಾಡಿನ ಕಡೆ ಕಿವಿ ಕೊಟ್ಟಳು.

"ಈಗ," ಎಂದಳು. ಸ್ವಲ್ಪ ಬಿಟ್ಟು, "ಈಗ." ಮತ್ತೆ, "ಹಾಂ, ಈಗ."

ಅವಳು ಹೇಳಿದಾಗಲೆಲ್ಲ ಅವನು ತಲೆಯಾಡಿಸಿದ. ಖಂಡಪ್ಪ ಹಾಡನ್ನು ನಿಲ್ಲಿಸದೆ ಹಾಗೇ ಬಿಟ್ಟ. ಅವಳ ತೊಡೆಯ ಮೇಲಿನ ಮೊರದಲ್ಲಿ ಜೋಳದ ಕಾಳುಗಳು ಡೋಲಿನ ಒಂದೊಂದು ಪೆಟ್ಟಿಗೂ ಸಣ್ಣಗೆ ಅದುರಿ, ಅಂಚಿನ ಕಡೆಗೆ ಜಾರುತ್ತಿದ್ದವು.