ಜ್ವರದ ಡ್ಯೂಟಿ

ಮೈಯಲ್ಲಿ ನೂರಾ ಎರಡು ಡಿಗ್ರಿ ಜ್ವರ ಇಟ್ಟುಕೊಂಡೇ ಭಾಗ್ಯಲಕ್ಷ್ಮಿ ಕಗ್ಗದಾಸಪುರದಿಂದ ಬಸ್ಸು ಹತ್ತಿ ಹಲಸೂರಿನ ಆಸ್ಪತ್ರೆಗೆ ಬಂದಳು. ಬೆಳಗ್ಗೆ ಆರು ಗಂಟೆಗೇ ಫೋನ್ ಮಾಡಿ ರಜೆ ಕೇಳಿದ್ದಳು. "ಐಸಿಯುನಲ್ಲಿ ಆರು ಪೇಷಂಟು, ಇರೋದು ನೀವಿಬ್ರು. ನೀನು ಮಲಗ್ಬಿಟ್ರೆ ಯಾರು ನೋಡ್ತಾರೆ? ಒಂದು ಮಾತ್ರೆ ನುಂಗಿ ಬಾ" ಎಂದಿದ್ದರು ನರ್ಸಿಂಗ್ ಸೂಪರಿಂಟೆಂಡೆಂಟ್ ಗಂಗಲಕ್ಷ್ಮಮ್ಮ. ಎಂಟು ವರ್ಷದ ನೌಕರಿಯಲ್ಲಿ ಅವಳು ಹೀಗೆ ಬಂದದ್ದು ಇದೇ ಮೊದಲೇನಲ್ಲ.

ಮೂರನೇ ಬೆಡ್ಡಿನಲ್ಲಿ ದೊಡ್ಡನೆಕ್ಕುಂದಿಯ ಮುನಿರಾಜಪ್ಪ ಇದ್ದ. ಎರಡನೇ ಸಲ ಹೃದಯಾಘಾತವಾಗಿ ನಾಲ್ಕು ದಿನದಿಂದ ವೆಂಟಿಲೇಟರಿನ ಮೇಲಿದ್ದ. ಹತ್ತೂವರೆಗೆ ಅವನ ಡ್ರಿಪ್ ಸರಿಮಾಡಿ ಭಾಗ್ಯಲಕ್ಷ್ಮಿ ಗೋಡೆಗೆ ಒರಗಿದಳು. ಕಣ್ಣು ತಾನಾಗಿಯೇ ಮುಚ್ಚಿಕೊಂಡಿತು. ಒಂದು ನಿಮಿಷವಿರಬೇಕು, ಅಷ್ಟೇ. ಬಾಗಿಲ ಗಾಜಿನಾಚೆ ನಿಂತಿದ್ದ ಮುನಿರಾಜಪ್ಪನ ಮಗ ಜಗನ್ ಅದನ್ನು ನೋಡಿಬಿಟ್ಟ.

ಹನ್ನೊಂದೂಕಾಲಿಗೆ ಮುನಿರಾಜಪ್ಪನ ಹೃದಯ ನಿಂತಿತು. ಡಾಕ್ಟರು, ಭಾಗ್ಯಲಕ್ಷ್ಮಿ, ಜೊತೆಯ ನರ್ಸ್ ಉಮ್ಮೆ ಕುಲ್ಸುಂ ಸರದಿಯ ಮೇಲೆ ನಲವತ್ತು ನಿಮಿಷ ಎದೆ ಒತ್ತಿದರು. ಪ್ರಯೋಜನವಾಗಲಿಲ್ಲ. ಡಾಕ್ಟರು ಹೊರಗೆ ಹೋಗಿ ಹೇಳಿದ್ದೇ ತಡ, ಬಾಗಿಲ ಗಾಜು ಪುಡಿಯಾಯಿತು.

"ನಿದ್ದೆ ಹೊಡೀತಿದ್ಲು ಇವ್ಳು! ನಾನೇ ನೋಡ್ದೆ! ನಮ್ಮಪ್ಪನ್ನ ಸಾಯಿಸ್ಬಿಟ್ಲು!"

ಜಗನ್ ಸಲೈನ್ ಸ್ಟ್ಯಾಂಡ್ ಎತ್ತಿ ಬೀಸಿದ. ಮೊದಲ ಏಟಿಗೇ ಭಾಗ್ಯಲಕ್ಷ್ಮಿಯ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಜಡೆ ಹಿಡಿದು ಅವಳ ತಲೆಯನ್ನು ಮಂಚದ ಕಂಬಿಗೆ ಚಚ್ಚಿದ. ಮತ್ತೊಮ್ಮೆ ಚಚ್ಚಿದ. ಅವಳು ಬಿಡಿಸಿಕೊಳ್ಳಲೂ ಹೋಗಲಿಲ್ಲ. ಕಣ್ಣು ಮುಚ್ಚಿದ್ದು ನಿಜವಲ್ಲವೇ ಎಂಬುದೊಂದೇ ಅವಳ ತಲೆಯಲ್ಲಿತ್ತು. ಅವನು ಮತ್ತೆ ಸ್ಟ್ಯಾಂಡ್ ಎತ್ತಿದಾಗ ಕುಲ್ಸುಂ ನಡುವೆ ನುಗ್ಗಿ ಬಲಗೈ ಅಡ್ಡ ಕೊಟ್ಟಳು. ಮೂಳೆ ಲಟಕ್ಕೆಂದು ಮುರಿಯಿತು. ಆದರೂ ಅವಳು ಜಾಗ ಬಿಡಲಿಲ್ಲ.

"ಇನ್ನೂ ಐದು ಜನ ಉಸಿರಾಡ್ತಿದಾರೆ ಇಲ್ಲಿ! ಅವ್ರನ್ನೂ ಸಾಯಿಸ್ತೀಯಾ?"

ಜಗನ್ ಸುತ್ತ ನೋಡಿ ಒಂದು ಕ್ಷಣ ತಡೆದು ನಿಂತ. ಅಷ್ಟರಲ್ಲಿ ಸೆಕ್ಯೂರಿಟಿಯವರು ಅವನನ್ನು ನೆಲಕ್ಕೆ ಕೆಡವಿ, ಅವನು "ಅಪ್ಪಾ" ಎಂದು ಅಳತೊಡಗಿದ ಮೇಲೂ ಒದೆಯುತ್ತಲೇ ಇದ್ದರು.

ಭಾಗ್ಯಲಕ್ಷ್ಮಿಯ ಹುಬ್ಬಿಗೆ ಏಳು ಹೊಲಿಗೆ ಬಿತ್ತು. ಮಧ್ಯಾಹ್ನ ಗಂಗಲಕ್ಷ್ಮಮ್ಮ ಒಂದು ಹಾಳೆ ತಂದರು. "ಆರೋಗ್ಯವಾಗೇ ಡ್ಯೂಟಿಗೆ ಬಂದಿದ್ದೆ ಅಂತ ಬರ್ಕೊಡು. ಪೊಲೀಸ್ರು ಕೇಳ್ತಾರೆ."

ಭಾಗ್ಯಲಕ್ಷ್ಮಿ ಪೆನ್ನು ತೆಗೆದುಕೊಂಡಳು. ಪಕ್ಕದಲ್ಲಿ ಕೈಗೆ ಪಟ್ಟಿ ಹಾಕಿಸಿಕೊಂಡು ಕೂತಿದ್ದ ಕುಲ್ಸುಂ ಹಾಳೆಯ ಮೇಲೆ ಎಡಗೈ ಇಟ್ಟಳು.

"ಸುಳ್ಳು ಬರೀಬೇಡ ಭಾಗ್ಯ. ಜ್ವರ ಇತ್ತು, ರಜಾ ಕೇಳ್ದೆ, ಕೊಡ್ಲಿಲ್ಲ ಅಂತ ಬರಿ. ಕೆಳಗೆ ನಾನೂ ಸೈನ್ ಹಾಕ್ತೀನಿ. ಏನ್ ಮಾಡ್ತೀರೋ ಮಾಡ್ಕೊಳ್ಳಿ, ಮೇಡಂ."

"ನಾನೂ ಬಾಣಂತಿ ಮೈಯಲ್ಲೇ ಡ್ಯೂಟಿ ಮಾಡ್ದೋಳು ಕಣೇ. ಎಲ್ರೂ ಹಂಗೇ ಮಾಡ್ಬೇಕು ಅಂದ್ಕೊಂಡಿದ್ದೆ" ಎಂದರು ಗಂಗಲಕ್ಷ್ಮಮ್ಮ. ಭಾಗ್ಯಲಕ್ಷ್ಮಿ ನಡೆದದ್ದನ್ನೆಲ್ಲ ಬರೆದಳು. ಅವರು ಅದನ್ನು ಓದಿ, ಮಡಿಸದೆ ಹಾಗೇ ಹಿಡಿದುಕೊಂಡು ಆಡಳಿತದವರ ಕೋಣೆಗೆ ನಡೆದರು. ಬಂದ ಮೇಲೆ ಕೈ ತೊಳೆದು, ಗಾಜಿನ ಚೂರುಗಳನ್ನು ದಾಟಿ, ಉಳಿದ ಐವರನ್ನು ನೋಡಿಕೊಳ್ಳಲು ತಾವೇ ಐಸಿಯು ಒಳಗೆ ಹೋದರು.