ನೀರಿಗೆ ಕಿವಿಗೊಟ್ಟವನು

ಮಲಯ ದೇಶದ ತ್ರೆಂಗಾನು ಕರಾವಳಿಯಲ್ಲಿ ಈ ಕಥೆಯನ್ನು ಎರಡು ಬಗೆಯಾಗಿ ಹೇಳುತ್ತಾರೆ. ದೋಣಿಯಲ್ಲಿ ಹನ್ನೊಂದು ಮಂದಿ ಇದ್ದರೆಂದು ಕೆಲವರು, ಒಂಬತ್ತೇ ಮಂದಿ ಎಂದು ಕೆಲವರು. ಒಡೆಯನು, ಹಿರಿಯನೆಂದು ಎಲ್ಲರೂ ‘ಟೋಕ್’ ಎನ್ನುತ್ತಿದ್ದ ಡೆರಾಮನ್ ಎಂಬುದರಲ್ಲಿ, ಅವನ ಚಿಕ್ಕ ದೋಣಿಗೆ ಹುಟ್ಟು ಹಾಕುತ್ತಿದ್ದವನು ಜುಸೋಹ್ ಎಂಬುದರಲ್ಲಿ ಮಾತ್ರ ಯಾರಿಗೂ ತಕರಾರಿಲ್ಲ.

ಡೆರಾಮನ್ ಕಣ್ಣಿನಿಂದ ಮೀನು ಹುಡುಕುವವನಲ್ಲ. ದೊಡ್ಡ ದೋಣಿಯನ್ನು ಹಿಂದೆ ನಿಲ್ಲಿಸಿ, ಚಿಕ್ಕ ದೋಣಿಯಲ್ಲಿ ಮುಂದೆ ಸಾಗಿ, ಅದರ ಅಂಚು ಹಿಡಿದು ನೀರಿಗಿಳಿದು ತಲೆ ಮುಳುಗಿಸಿ, ಆಳದಲ್ಲಿ ಮೀನಿನ ಹಿಂಡು ಮಾಡುವ ಸದ್ದನ್ನು ಆಲಿಸುತ್ತಿದ್ದ. ಅವನು ಬಲಗೈ ಎತ್ತಿದರೆ ಬಲೆ ಬೀಳಬೇಕು. ಹುಟ್ಟನ್ನು ನೆಟ್ಟಗೆ ಎತ್ತಿ ಹಿಡಿದರೆ ಎಲ್ಲರೂ ದಡಕ್ಕೆ ತಿರುಗಬೇಕು. ಅವನ ಹೊರತು ಇನ್ನಾರೂ ನೀರಿಗೆ ಕಿವಿಯೊಡ್ಡುವಂತಿರಲಿಲ್ಲ. ಕಡಲ ಮೇಲೆ ಕಾಡುಮೃಗದ ಹೆಸರೆತ್ತಬಾರದೆಂಬ ಕಟ್ಟಳೆಯೂ ಇತ್ತು. ಹಿಂದಿನ ವರ್ಷ ಬಾಯಿ ತಪ್ಪಿ ಆನೆಯ ಹೆಸರು ಆಡಿದವನೊಬ್ಬನನ್ನು ಡೆರಾಮನ್ ಕಡಲ ನಡುವಿನ, ಕುಡಿಯಲು ಹನಿ ನೀರಿಲ್ಲದ ಬಂಡೆಯ ಮೇಲೆ ಇಳಿಸಿ ಬಂದಿದ್ದ. ಮೂರನೆಯ ದಿನ ಕರೆತಂದ ಮೇಲೆ ಆ ಮನುಷ್ಯ ಸಾಯುವವರೆಗೂ ಬಾಯಿ ಬಿಡಲಿಲ್ಲವಂತೆ.

ಈಶಾನ್ಯದ ಮಳೆಗಾಳಿ ಇಂದೋ ನಾಳೆಯೋ ಎನ್ನುವಂತಿದ್ದ ಒಂದು ಬೆಳಗು. ಇಪ್ಪತ್ತು ದಿನಗಳಿಂದ ಬಲೆ ಬರಿದಾಗಿತ್ತು.

“ಇನ್ನೂ ಆಚೆ ಹೋಗ್ಬೇಕಂತೆ,” ಎಂದು ದೊಡ್ಡ ದೋಣಿಯ ಬಿದಿನ್ ಜುಸೋಹನ ಕಿವಿಯಲ್ಲಿ ಪಿಸುಗುಟ್ಟಿದ. “ಬೇಡ ಅಂತ ನೀನೊಂದು ಮಾತು ಹೇಳೋ ಮಾರಾಯ.”

“ನೀನೇ ಹೇಳು.”

“ನನಗೆ ಹೆಂಡ್ತಿ ಇದಾಳಪ್ಪ.”

“ನನ್ನ ಮನೇಲಿ ಮತ್ತೇನು, ಏಡಿ ಸಂಸಾರ ಮಾಡ್ತಿದೆಯಾ?”

ಬಿದಿನ್ ನಕ್ಕ, ಒಡೆಯನ ತಲೆ ಇತ್ತ ತಿರುಗಿದೊಡನೆ ಆ ನಗೆ ಗಂಟಲಲ್ಲೇ ಇಂಗಿತು.

ಚಿಕ್ಕ ದೋಣಿ ದಡ ಕಾಣದಷ್ಟು ದೂರ ಸಾಗಿತ್ತು. ಡೆರಾಮನ್ ನೀರಿಗಿಳಿದು, ಆಲಿಸಿ, ಮೇಲೆ ಬಂದು, ಜುಸೋಹನಿಗೆ ಬೆನ್ನು ಹಾಕಿ ಕುಳಿತ. ಆಗ ಈಶಾನ್ಯದಲ್ಲಿ ಗುಡುಗು ಉರುಳಿತು. ಜುಸೋಹನ ಕೈ ನಿಂತಿತು. ಒಡೆಯನ ತಲೆ ಅಲುಗಲಿಲ್ಲ.

ಜುಸೋಹನ ಎದೆಯಲ್ಲಿ ಎಂದೂ ಹುಟ್ಟಬಾರದ ಸಂಶಯವೊಂದು ಹುಟ್ಟಿತು. ಆ ಬೆನ್ನನ್ನೇ ನೋಡುತ್ತ ಅವನು ಮೆಲ್ಲನೆ ಅಂದ:

“ಹುಲಿ.”

ಏನೂ ಆಗಲಿಲ್ಲ.

“ಹುಲಿ!” ಎಂದು ಕೂಗಿದ.

ಡೆರಾಮನ್ ನೀರನ್ನೇ ನೋಡುತ್ತಿದ್ದ. ಅನಂತರ, ಬಲೆ ಬೀಳಲೆಂದು, ನಿಧಾನವಾಗಿ ಬಲಗೈ ಎತ್ತತೊಡಗಿದ.

ಬಲೆ ಇಳಿದರೆ ಮತ್ತೆ ಎಳೆಯಲು ಅರ್ಧ ದಿನ ಬೇಕು. ಜುಸೋಹ್ ಆ ಕೈಯನ್ನು ಹಿಡಿದು ಕೆಳಗಿಳಿಸಿದ. ಒಡೆಯ ತಿರುಗುವಷ್ಟರಲ್ಲಿ ಅಂಚಿನಿಂದ ಜಾರಿ ನೀರಿಗಿಳಿದು ತಲೆ ಮುಳುಗಿಸಿದ. ಮೀನಿನ ಸದ್ದೇ ಇರಲಿಲ್ಲ. ತುಂಬ ಆಳದಲ್ಲಿ, ಯಾರೋ ಬಂಡೆಗಳನ್ನು ಮೊರದಲ್ಲಿ ಹಾಕಿ ಕೇರುತ್ತಿರುವಂಥ ಮೊರೆತ. ಅವನು ಮೇಲೆ ಹತ್ತಿ ಹುಟ್ಟನ್ನು ನೆಟ್ಟಗೆ ಎತ್ತಿ ಹಿಡಿದ.

ಡೆರಾಮನ್ ಅವನ ಮಣಿಕಟ್ಟು ಹಿಡಿದ. “ಇಳಿಸು.”

“ಇಳಿಸಲ್ಲ, ಟೋಕ್.”

“ಇಳಿಸೋ! ಬಂಡೆ ಮೇಲೆ ಬಿಟ್ಟು ಬರ್ತೀನಿ.”

“ಬಿಟ್ಟು ಬನ್ನಿ. ಮೊದಲು ಇವರೆಲ್ಲ ಮನೆ ಸೇರಲಿ. ನಿಮಗೆ ಕಿವಿ ಕೇಳಿಸ್ತಿಲ್ಲ, ಟೋಕ್.”

ಮುದುಕನ ದೃಷ್ಟಿ ಜುಸೋಹನ ತುಟಿಗಳ ಮೇಲೆಯೇ ನೆಟ್ಟಿತ್ತು. ಬಹಳ ಹೊತ್ತಿನ ಮೇಲೆ ಹಿಡಿತ ಸಡಿಲವಾಯಿತು.

ಹುಟ್ಟು ಯಾರ ಕೈಯಲ್ಲಿದೆಯೆಂದು ದೊಡ್ಡ ದೋಣಿಯವರಿಗೆ ಕಾಣಿಸಿತ್ತು. ಆದರೂ ಅವರು ದಡಕ್ಕೆ ತಿರುಗಿದರು. ಅಂದು ಮಧ್ಯಾಹ್ನ ಎದ್ದ ಕಡಲು ನೆರೆಯೂರಿನ ಎರಡು ದೋಣಿಗಳನ್ನು ನುಂಗಿತು. ಡೆರಾಮನ್ ಮನೆ ಹೊಕ್ಕವನು ಮತ್ತೆ ಕಡಲಿಗೆ ಬರಲಿಲ್ಲ.

ಮಳೆ ಕಳೆದು ಕಡಲು ತಿಳಿಯಾದಾಗ ಜನ ಜುಸೋಹನನ್ನೇ ಆಲಿಸುವವನನ್ನಾಗಿ ಮಾಡಿದರು. ಹುಟ್ಟು ಬಿದಿನ್ ಕೈಗೆ ಬಂತು. ಮೊದಲ ದಿನ ಜುಸೋಹ್ ನೀರಿಗಿಳಿದು ಬಹಳ ಹೊತ್ತು ಆಲಿಸಿದ. ಕೇಳಿದ್ದು ಮೀನೋ, ತನ್ನದೇ ನೆತ್ತರಿನ ಸದ್ದೋ ಬಗೆಹರಿಯಲಿಲ್ಲ.

“ಬಿದಿನ್, ಸರಿಯಾಗಿ ತಿಳೀತಿಲ್ಲ ಕಣೋ. ನಿನಗೇನು ಅನ್ಸುತ್ತೆ?”

ಬಿದಿನ್ ದೋಣಿಯ ತಳದ ಹಲಗೆ ನೋಡಿದ. “ತಾವು ಹೇಳಿದ ಹಾಗೆ, ಟೋಕ್.”

“ಟೋಕ್ ಅನ್ಬೇಡ್ವೋ. ನನ್ನ ಮುಖ ನೋಡಿ ಹೇಳು.”

ಬಿದಿನ್ ತಲೆ ಎತ್ತಲಿಲ್ಲ. ಹಿಂದೆ ನಿಂತಿದ್ದ ದೊಡ್ಡ ದೋಣಿಯಲ್ಲಿ ಅಷ್ಟೂ ಮಂದಿ ಬಲೆ ಹಿಡಿದು, ಉಸಿರು ಬಿಗಿಹಿಡಿದು, ಜುಸೋಹನ ಬಲಗೈಯನ್ನೇ ನೋಡುತ್ತ ಕಾದಿದ್ದರು.